ಬಿಸಿಲು ತಿನ್ನುವ ಹುಳ

ಮೊನ್ನೆ ಪರೀಕ್ಷಾ ಕೆಲಸಕ್ಕೆಂದು ಶಹಾಪುರದಿಂದ ಯಾದಗಿರಿಗೆ ಹೋಗಿದ್ದೆ. ನಾನಾಗಿ ಕೇಳಿಕೊಂಡು ಹೋದದ್ದಲ್ಲ. ಆದೇಶ ಬಂತು, ಹೋದೆ. ಇಷ್ಟು ಕಾಲೇಜುಗಳಿರುವಾಗ ಅದೇ ಕಾಲೇಜೇ ಬರಬೇಕೇ ಎಂದು ಆದೇಶ ಮಾಡಿದವರಿಗೆ ದಾರಿಯುದ್ದಕ್ಕೂ ಬೈಯುತ್ತ ಹೋದೆ.

ವರಾಂಡದ ಕಂಬದ ಹತ್ತಿರ ಒಬ್ಬಾತ ಸ್ಟೂಲಿನ ಮೇಲೆ ನಿಂತು ಕರೆಗಂಟೆಯ ತಂತಿಗೆ ಬೆಸುಗೆ ಹಾಕುತ್ತಿದ್ದ. ಕಾದ ಕಡ್ಡಿಗೆ ರಾಳ ತಾಗಿ ಎದ್ದ ಹೊಗೆ ಮೂಗಿಗೆ ಬಂದದ್ದೇ ತಡ, ನನ್ನ ಕೈ ತಾನಾಗಿ ಸೆರಗಿನ ತುದಿಗೆ ಹೋಯಿತು. ಗಂಟೇನಾದರೂ ಇದೆಯೇ ಎಂದು ಮುಟ್ಟಿ ನೋಡಿಕೊಂಡೆ. ಇರಲಿಲ್ಲ. ಗಂಟು ಕಟ್ಟುವವಳೇ ಈಗ ಇಲ್ಲ. ಆದರೂ ಎದೆ ಮಾತ್ರ ಆ ದಿನದ ಹಾಗೆಯೇ ಧಸಕ್ಕೆಂದಿತು.

ಆ ವರ್ಷ ನಾನು ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಸುರಪುರಕ್ಕೆ ಅಂಟಿಕೊಂಡ ರಂಗಂಪೇಟೆಯಲ್ಲಿ ನಮ್ಮ ಮನೆ. ಮುಂದೆ ಅಪ್ಪನ ಕಿರಾಣಿ ಅಂಗಡಿ, ಹಿಂದೆ ನಾವು ಮೂವರು: ಅಪ್ಪ, ಅಪ್ಪನ ತಾಯಿ, ಮತ್ತು ನಾನು. ಅವ್ವ ನಾನು ಸಣ್ಣವಳಿದ್ದಾಗಲೇ ಹೋದವಳು. ಅಪ್ಪನ ತಾಯಿಯೇ, ಎಂದರೆ ನಮ್ಮ ಆಯಿಯೇ, ನನ್ನನ್ನು ಸಾಕಿದ್ದು. ಸಾಕಿದ್ದಕ್ಕೆ ಆಕೆಯ ಸಿಟ್ಟೂ ನನಗೆ ಪಾಲಿನಲ್ಲಿ ಬಂದಿತ್ತು. ಮನೆಯಲ್ಲಿ ನಮ್ಮಿಬ್ಬರ ಸಿಟ್ಟೂ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅಪ್ಪ ದಿನವಿಡೀ ಅಂಗಡಿಯಲ್ಲೇ ಕೂಡುತ್ತಿದ್ದುದಕ್ಕೆ ವ್ಯಾಪಾರವೊಂದೇ ಕಾರಣವಲ್ಲ.

ನಾನು ಸರಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದೆ. ಓದಿನ ನಡುವೆ ನನಗೊಂದು ಚಟ ಹತ್ತಿತ್ತು, ಹುಳ ಮಾಡುವುದು. ಜೀವದ ಹುಳವಲ್ಲ. ಮೊಬೈಲ್ ರಿಪೇರಿಯವರು ಎಸೆಯುವ ಹಳೆಯ ಫೋನಿನಲ್ಲಿ, ಕರೆ ಬಂದಾಗ ಗುರ್ರೆಂದು ನಡುಗುವ ಒಂದು ಪುಟ್ಟ ಮೋಟಾರು ಇರುತ್ತದೆ, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು. ಕೆಟ್ಟುಹೋದ ಸೋಲಾರ್ ದೀಪದಲ್ಲಿ ನೀಲಿ ಬಿಲ್ಲೆ ಸಿಗುತ್ತದೆ. ಹಳೆಯ ರೇಡಿಯೋದಲ್ಲಿ ಟ್ರಾನ್ಸಿಸ್ಟರು, ಕೆಪಾಸಿಟರು ಬೇಕಾದಷ್ಟು. ನೀಲಿ ಬಿಲ್ಲೆ ಬಿಸಿಲು ಕುಡಿದು ಕೆಪಾಸಿಟರಿನಲ್ಲಿ ಕೂಡಿಡುತ್ತದೆ. ಅದು ತುಂಬಿದಾಗ ಒಂದು ಕೆಂಪು ಮಿಣುಕು ಹತ್ತಿ ಟ್ರಾನ್ಸಿಸ್ಟರು ಬಾಗಿಲು ತೆಗೆದ ಹಾಗೆ ಎಲ್ಲವನ್ನೂ ಒಮ್ಮೆಲೇ ಬಿಟ್ಟುಕೊಡುತ್ತದೆ. ಮೋಟಾರು ಒದರುತ್ತದೆ, ತಂತಿಯ ಕಾಲುಗಳು ಒಂದು ಹೆಜ್ಜೆ ಮುಂದೆ ಜಿಗಿಯುತ್ತವೆ. ಮತ್ತೆ ಸುಮ್ಮನಾಗಿ ಬಿಸಿಲು ಕುಡಿಯುತ್ತ ಕೂತುಬಿಡುತ್ತದೆ. ಬ್ಯಾಟರಿ ಇಲ್ಲ, ಕಂಪ್ಯೂಟರು ಇಲ್ಲ, ಹೀಗೆ ನಡಿ ಹಾಗೆ ನಡಿ ಎಂದು ಹೇಳಿಕೊಡುವವರಿಲ್ಲ. ಇರುವೆಗೆ ಯಾರು ಹೇಳಿಕೊಡುತ್ತಾರೆ ಹೇಳಿ. ಅಷ್ಟು ಕಡಿಮೆ ಸಾಮಾನಿನಲ್ಲಿ ಒಂದು ವಸ್ತು ತಾನಾಗಿ ನಡೆಯುತ್ತದಲ್ಲ, ಆ ಹುಚ್ಚು ನನಗೆ ಹಿಡಿದಿತ್ತು.

ಕಾಲು ಎಷ್ಟು ಬಾಗಿಸಬೇಕು, ಭಾರ ಎಲ್ಲಿ ಕೂಡಬೇಕು ಎಂದು ನೋಡಲು ಹಿತ್ತಲ ಬಂಡೆಗಳ ಮೇಲೆ ಓಡಾಡುವ ಹುಳಗಳನ್ನೇ ನೋಡುತ್ತಿದ್ದೆ. ಸಗಣಿ ಹುಳ ಹಿಂಗಾಲಿನಿಂದ ಉಂಡೆ ತಳ್ಳುವುದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

"ಪುಸ್ತಕ ಬಿಟ್ಟು ಶೆಗಣಿ ಹುಳದ ಮಾರಿ ನೋಡಕೋತ ಕುಂತಾಳ," ಎಂದು ಆಯಿ ಅಂಗಡಿಗೆ ಕೇಳಿಸುವ ಹಾಗೆ ಹೇಳುತ್ತಿದ್ದಳು. "ಊರಿಗೊಂದು ದಾರಿ ಆದ್ರ ಈ ಪೋರಿಗೊಂದು ದಾರಿ."

ಒಂದು ದಿನ ಮಾಳಿಗೆಯ ಮೇಲೆ ಹುಳ ಬಿಟ್ಟು ನಾನು ಓದುತ್ತ ಕೂತಿದ್ದೆ. ಅದು ಜಿಗಿಯುತ್ತ ಜಿಗಿಯುತ್ತ ಹೋಗಿ ಬೆಳಕಿಂಡಿಯಿಂದ ಕೆಳಗೆ ಬಿತ್ತು. ಕೆಳಗೆ ಆಯಿ ರೊಟ್ಟಿ ಬಡಿಯುತ್ತಿದ್ದಳು. ನೆಟ್ಟಗೆ ಹೋಗಿ ಹಿಟ್ಟಿನ ಪರಾತದೊಳಗೆ ಬಿದ್ದಿತ್ತು.

"ಏ ಶೈಲವ್ವಾ, ನಿನ್ನ ಹೊಲಸು ನನ್ನ ಹಿಟ್ಟಿನ್ಯಾಗ ಬಿದ್ದದ. ಬಂದು ತಗೊಂತಿಯೋ, ರೊಟ್ಟಿ ಸಂಗಟ ಬಡದು ನಿನಗೇ ತಿನಸ್ಲೋ?"

ನನ್ನ ಕೆಲಸದಲ್ಲಿ ಆಕೆಗೆ ಸೇರುತ್ತಿದ್ದದ್ದು ರಾಳದ ಹೊಗೆ ಮಾತ್ರ. "ಇದೊಂದು ಚಲೋ ಅದ ನೋಡು, ಮನಿಯಾಗ ಲೋಬಾನ ಹಾಕಿದಂಗ ಆಗ್ತದ," ಎನ್ನುತ್ತಿದ್ದಳು. ಅಪ್ಪ ಹೆಚ್ಚು ಮಾತಾಡುವವನಲ್ಲ. ಆದರೆ ಆ ಬೇಸಿಗೆಯಲ್ಲಿ ಒಮ್ಮೆ ನನ್ನ ಸಾಮಾನಿನ ಡಬ್ಬಿ ನೋಡಿ, "ಈ ಸಲ ಪರೀಕ್ಷಾ ಆಗ್ಲಿಲ್ಲಂದ್ರ ಇದೆಲ್ಲಾ ಗುಜರಿಗಿ ಹೋಗ್ತದ. ಈಗೇ ಹೇಳೀನಿ," ಎಂದ. ಅಪ್ಪ ಹೇಳಿದ ಮೇಲೆ ಹೇಳಿದ್ದೇ.

ಬೇಸಿಗೆ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಮೋಟಾರ್ ಸೈಕಲ್ ಮೇಲೆ ಒಬ್ಬ ಬಂದ. ಗರಿಗರಿ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಫೋನು. ನಮ್ಮ ಊರಿನವನಲ್ಲ. ಅಪ್ಪನೊಂದಿಗೆ ಸಕ್ಕರೆ ರೇಟು ಕೇಳಿದ, ಮಳೆ ಬಗ್ಗೆ ಮಾತಾಡಿದ, ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದ.

"ನಿಮ್ಮ ಮಗಳು ಸಣ್ಣ ಸಣ್ಣ ಸರ್ಕ್ಯೂಟ್ ಮಾಡತಾಳಂತ ಕೇಳೀನ್ರಿ. ಕಿವ್ಯಾಗ ಕೂಡೋವಂಥದು ಒಂದಿಷ್ಟು ಆಗಬೇಕಾಗಿತ್ತು."

ಅಪ್ಪ ಪಾಪ, "ಯಾರಿಗ್ರಿ, ಕಿವಿ ಕೇಳ್ಸದವರಿಗೇನ್ರಿ?" ಎಂದ.

ಒಳಗೆ ಕೂತಿದ್ದ ನನಗೆ ಅರ್ಥವಾಯಿತು. ಕಿವಿಯೊಳಗೆ ಬ್ಲೂಟೂತ್ ಇಟ್ಟುಕೊಂಡು ಪರೀಕ್ಷೆ ಬರೆದು ಸಿಕ್ಕಿಬಿದ್ದವರ ಸುದ್ದಿ ಆಗ ಎಲ್ಲರ ಬಾಯಲ್ಲಿತ್ತು. ಓದಿ ಬರೆಯುವ ನಮ್ಮಂಥವರ ಹೊಟ್ಟೆಯಲ್ಲಿ ಆ ಮಂದಿಯ ಮೇಲೆ ಬೆಂಕಿಯೇ ಇತ್ತು. ನಾನು ಹೊರಗೆ ಬಂದೆ.

"ಕಾಪಿ ಹೊಡಿಯವರಿಗಿ ಸಾಮಾನು ಮಾಡಿಕೊಡೋ ಮಂದಿ ನಾವಲ್ಲ. ಎದ್ದು ಹೋಗ್ತಿಯೋ, ಚಪ್ಪಲಿ ಕೈಗಿ ತಗೊಳ್ಲೋ?"

ಅವನಿಗೆ ಸಿಟ್ಟೂ ಬರಲಿಲ್ಲ. ನಗುತ್ತ ಗಾಡಿ ಚಾಲು ಮಾಡಿದ. "ನಿನಗ ಮಾಡ್ಲಿಕ್ಕಿ ಬರ್ತದಂತ ಊರಿಗೆಲ್ಲಾ ಗೊತ್ತದ ತಂಗಿ. ನಾಳಿ ಯಾರರೆ ಸಿಕ್ಕಬಿದ್ರ ಹೆಸರು ನಿಂದೇ ಬರ್ತದ. ನೆನಪಿಟ್ಕೋ."

ಅವನು ಹೋದ. ಮಾತು ಮಾತ್ರ ಮುಳ್ಳಿನ ತುದಿಯ ಹಾಗೆ ಒಳಗೇ ಮುರಿದುಕೊಂಡು ಉಳಿಯಿತು. ಓದುವಾಗ ನೆನಪಾಗುತ್ತಿತ್ತು, ಬೆಸುಗೆ ಹಾಕುವಾಗ ನೆನಪಾಗುತ್ತಿತ್ತು. ಮಾಳಿಗೆಯ ಮೇಲೆ ಹುಳ ಬಿಡುವುದನ್ನು ನಿಲ್ಲಿಸಿ ಹಿತ್ತಲಿನಲ್ಲಿ, ಯಾರಿಗೂ ಕಾಣದ ಕಡೆ ಬಿಡತೊಡಗಿದೆ.

ಆ ವರ್ಷ ಮಿರಗದ, ಎಂದರೆ ಮೃಗಶಿರ ಮಳೆಯೂ ಬರಲಿಲ್ಲ. ಪ್ರತಿವರ್ಷ ಆ ಮೊದಲ ಮಳೆ ಬಿದ್ದ ಮರುದಿನ ನಮ್ಮ ಹಿತ್ತಲ ಮಣ್ಣಿನಿಂದ ಕೆಂಪು ಮಖಮಲ್ಲು ಹೊದ್ದ ಪುಟ್ಟ ಪುಟ್ಟ ಹುಳಗಳು ಹೊರಬೀಳುತ್ತವೆ. ಮಿರಗದ ಹುಳ ಎನ್ನುತ್ತೇವೆ. ಮೊದಲು ಕಣ್ಣಿಗೆ ಬಿದ್ದ ಹುಳವನ್ನು ಆಯಿ ಒಂದು ಎಲೆಯ ಮೇಲೆ ಎತ್ತಿಕೊಂಡು, ಅದಕ್ಕೆ ಚಿಟಿಕೆ ವಿಭೂತಿ ಹಚ್ಚಿ, ಕೈಮುಗಿದು ಬಿಡುತ್ತಿದ್ದಳು. ಹುಳ ಕಂಡ ವರ್ಷ ಮನೆಗೆ ಕೇಡಿಲ್ಲ ಎಂದು ಆಕೆಯ ಅತ್ತೆ ಹೇಳಿದ್ದಳಂತೆ. ಆ ಸಲ ದಿನವೂ ಬೆಳಿಗ್ಗೆ ಕೋಲಿನಿಂದ ಮಣ್ಣು ಕೆದರಿ ನೋಡಿದ್ದೇ ಬಂತು. ಹುಳ ಇಲ್ಲ.

"ನಾ ಈ ಮನಿಗಿ ಬಂದಾಗಿಂದ ಹಿಂಗ ಆಗಿಲ್ಲ," ಎಂದಳು ಒಂದು ದಿನ. ಬೈಗುಳ ಇರಲಿಲ್ಲ ದನಿಯಲ್ಲಿ, ಅದಕ್ಕೇ ನನಗೆ ಹೆದರಿಕೆಯಾಯಿತು. "ನಿನ್ನ ಪರೀಕ್ಷಾದ ವರ್ಷನೇ ಹಿಂಗ ಆಗಬೇಕೇನು?" ಆಕೆ ಅರ್ಧ ರೊಟ್ಟಿ ತಿಂದು ಎದ್ದುಬಿಡುತ್ತಿದ್ದಳು.

ಆಕೆಯನ್ನು ಹಾಗೆ ನೋಡಲಾರದೆ ನಾನು ಒಂದು ಹುಳ ಮಾಡಿದೆ. ಅವ್ವನ ಹಳೆಯ ಬಳೆ ಡಬ್ಬಿಯ ಒಳಗೆ ಅಂಟಿಸಿದ್ದ ಕೆಂಪು ಮಖಮಲ್ಲು ಬಿಡಿಸಿ, ಬೆನ್ನ ಮೇಲಿನ ನೀಲಿ ಬಿಲ್ಲೆಯೊಂದನ್ನು ಬಿಟ್ಟು ಮೈತುಂಬ ಹೊದಿಸಿದೆ. ಬೆಂಕಿಪೊಟ್ಟಣದ ಅರ್ಧದಷ್ಟಿತ್ತು. ಆಯಿ ಬರುವ ಹೊತ್ತಿಗೆ ಹಿತ್ತಲ ಕಟ್ಟೆಯ ಮೇಲೆ ಬಿಟ್ಟು ದೂರ ನಿಂತೆ.

ಆಕೆ ಕೋಲೂರಿ ಬಂದು ಬಗ್ಗಿದಳು. ಹುಳ ಒಮ್ಮೆ ಜಿಗಿಯಿತು.

"ಏ, ಇದು ನಿಂದು."

"ಹೌದು."

ಬೈಗುಳಕ್ಕೆ ತಯಾರಾದೆ. ಆಕೆ ನೋಡುತ್ತಲೇ ಇದ್ದಳು. ಹುಳ ಸುಮ್ಮನಿತ್ತು, ಮತ್ತೆ ಜಿಗಿಯಿತು. "ಇದಕ್ಕ ಹೊಟ್ಟಿಗೇನು?" ಎಂದು ಕೇಳಿದಳು. ಬಿಸಿಲು ಎಂದೆ.

"ಮಿರಗದ ಹುಳಕ್ಕ ಮಳಿ ಬೇಕು, ನಿನ್ನ ಹುಳಕ್ಕ ಬಿಸಲು ಬೇಕು. ಮಳಿ ಅಂತೂ ಇಲ್ಲ, ಬಿಸಲು ಬೇಕಾದಷ್ಟು ಅದ. ಈ ವರ್ಷಕ್ಕ ಇದೇ ಇರ್ಲಿ ಬಿಡು." ಒಳಗೆ ಹೋಗಿ ವಿಭೂತಿ ತಂದಳು. ಹಚ್ಚಿದಳು. ಕೈಮುಗಿದಳು.

ಅಂದಿನಿಂದ ಆ ಹುಳ ನನ್ನದಾಗಿ ಉಳಿಯಲಿಲ್ಲ. ಬೆಳಿಗ್ಗೆ ಕಟ್ಟೆಯ ಮೇಲೆ ಇಡುವವಳು ಆಕೆ, ಕೋಳಿ ಬಂದರೆ ಹುಶ್ ಎನ್ನುವವಳು ಆಕೆ, ಸಂಜೆ ಜಗುಲಿಯ ಗೂಡಿನಲ್ಲಿಟ್ಟು ಮಲಗಿಸುವವಳೂ ಆಕೆ. ಒಂದು ದಿನ ಮೋಡವಾದರೆ, "ಇವತ್ತ ಇದಕ್ಕ ಉಪವಾಸ," ಎನ್ನುತ್ತಿದ್ದಳು. ಊಟವೂ ಮೊದಲಿನಂತೆ ಮಾಡತೊಡಗಿದಳು. ನಾನು ನಿಶ್ಚಿಂತೆಯಿಂದ ಓದಿದೆ.

ಪರೀಕ್ಷೆ ಶ್ರಾವಣದಲ್ಲಿ ಬಂತು. ಇಷ್ಟು ದಿನ ಕೈಕೊಟ್ಟ ಮಳೆಯೂ ಅದೇ ವಾರ ಬಂತು. ಆ ದಿನ ಬೆಳಿಗ್ಗೆ ಆಕಾಶ ಕವುಚಿಟ್ಟ ಹಂಚಿನ ಹಾಗೆ ಕಪ್ಪಗಿತ್ತು. ಮೊದಲ ಬಸ್ಸಿಗೆ ಹೊರಟವಳನ್ನು ಆಯಿ ಬಾಗಿಲಲ್ಲಿ ನಿಲ್ಲಿಸಿ ದುಪಟ್ಟಾದ ತುದಿಯಲ್ಲಿ ಗಂಟು ಕಟ್ಟಿದಳು. ಶಾಲೆಯ ದಿನದಿಂದಲೂ ಪ್ರತಿ ಪರೀಕ್ಷೆಗೂ ಕಟ್ಟಿದ್ದಾಳೆ. ವಿಭೂತಿ ಗಟ್ಟಿಯ ಒಂದು ಚೂರು, ಬಟ್ಟೆಯಲ್ಲಿ ಸುತ್ತಿ.

"ಬಿಚ್ಚಬ್ಯಾಡ. ಬರ್ದು ಮುಗಿಸೋತನ ಮೈಮ್ಯಾಲ ಇರ್ಲಿ."

ಗಂಟು ಈ ಸಲ ಸ್ವಲ್ಪ ದಪ್ಪವಿತ್ತು. ಗಟ್ಟಿ ದೊಡ್ಡದಿರಬೇಕೆಂದುಕೊಂಡೆ. ತಲೆಯೊಳಗೆ ಸಂವಿಧಾನದ ಕಲಮುಗಳು ಓಡುತ್ತಿದ್ದವು, ಗಂಟಿನ ಬಗ್ಗೆ ಯಾರು ಯೋಚಿಸುತ್ತಾರೆ.

ಯಾದಗಿರಿಯ ಅದೇ ಕಾಲೇಜಿನ ಗೇಟಿನಲ್ಲಿ ಹುಡುಗಿಯರ ಸಾಲಿಗೆ ಬೇರೆ ತಲಾಶಿ. ಕಿವಿಯೋಲೆ ತೆಗೆಸಿದರು, ಕೂದಲು ಬಿಚ್ಚಿಸಿ ಕಿವಿಯೊಳಗೆ ಟಾರ್ಚು ಬಿಟ್ಟು ನೋಡಿದರು. ನನ್ನ ಮುಂದಿದ್ದವಳ ಕಾಲುಂಗುರ ಬರದೆ ಸೋಪು ಹಚ್ಚಿ ತೆಗೆಸಬೇಕಾಯಿತು. ನನ್ನ ಸರದಿ ಬಂತು. ಪೊಲೀಸಮ್ಮ ಲೋಹ ಪತ್ತೆಯ ಯಂತ್ರ ಹಿಡಿದು ಮೈಮೇಲೆ ಆಡಿಸಿದರು. ನಮ್ಮ ಕಡೆಯವರೇ, ಹಣೆಯ ಮೇಲೆ ತೆಳ್ಳಗೆ ವಿಭೂತಿ ಇತ್ತು. ದುಪಟ್ಟಾದ ತುದಿಗೆ ಬಂದಾಗ ಯಂತ್ರ ಕೂಗಿತು.

"ಏನವಾ ಇದು?"

"ವಿಭೂತಿ ಗಂಟ್ರಿ."

"ವಿಭೂತಿ ಕೂಗ್ತದೇನು?"

ಅವರೇ ಬಿಚ್ಚಿದರು. ಬೂದಿ ಉದುರಿತು. ಮೊದಲು ಕಂಡದ್ದು ಕೆಂಪು ಮಖಮಲ್ಲು. ಆಮೇಲೆ ತಂತಿಯ ಕಾಲು. ಆಯಿ, ನನ್ನ ಪುಣ್ಯಾತ್ಗಿತ್ತಿ ಆಯಿ, ವರ್ಷದ ಹುಳವನ್ನೇ ಕಟ್ಟಿ ಕಳಿಸಿದ್ದಳು.

ಹಿಂದೆ ಸಾಲಿನಲ್ಲಿದ್ದವರು ನನ್ನಿಂದ ಎರಡು ಹೆಜ್ಜೆ ದೂರ ಸರಿದರು. ಯಾರೋ, "ಸಿಕ್ಕಳು," ಎಂದದ್ದು ಕೇಳಿಸಿತು.

ಪ್ರಾಂಶುಪಾಲರ ಕೋಣೆಯಲ್ಲಿ ಜಾಗೃತ ದಳದ ಅಧಿಕಾರಿ ಕೂತಿದ್ದರು. ಬೆಂಗಳೂರು ಕಡೆಯವರೆಂದು ಮಾತಿನಲ್ಲೇ ಗೊತ್ತಾಗುತ್ತಿತ್ತು. ಹುಳವನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ಪೆನ್ನಿನಿಂದ ಮಖಮಲ್ಲು ಸರಿಸಿದರು.

"ಬಟ್ಟೆ ಬೇರೆ ಸುತ್ತಿದ್ದೀಯ, ಕಾಣಬಾರದು ಅಂತ. ಇದು ಬ್ಯಾಟರಿ ಅಲ್ವಾ?"

"ಅಲ್ರಿ ಸರ, ಕೆಪಾಸಿಟರ್. ಅದಕ್ಕ ಬ್ಯಾಟರಿ ಇಲ್ರಿ. ಸಿಮ್ ಇಲ್ಲ, ಚಿಪ್ ಇಲ್ಲ, ಮಾತು ಕೇಳ್ಸೋವಂಥದು ಏನೂ ಇಲ್ರಿ."

"ನೀನೇ ಮಾಡಿದ್ದಾ?"

ಹೌದು ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಇನ್ನೂ ಯಾರ್ಯಾರಿಗೆ ಮಾಡಿಕೊಟ್ಟಿದ್ದೀಯ?"

ಬಿಳಿ ಅಂಗಿಯವನ ನಗು ಕಣ್ಣ ಮುಂದೆ ಬಂತು. ಹೆಸರು ನಿಂದೇ ಬರ್ತದ. "ಯಾರಿಗೂ ಇಲ್ರಿ. ನಮ್ಮ ಆಯಿಗಿ ಒಬ್ಬಾಕಿಗಿ," ಎಂದೆ.

"ಆಯಿ ಯಾರು? ಅವರೂ ನಿಮ್ಮ ಗ್ಯಾಂಗಾ?"

"ಅಜ್ಜಿ ಸರ, ಅವರ ಅಜ್ಜಿ," ಎಂದರು ಪೊಲೀಸಮ್ಮ. "ನಮ್ಮ ಕಡಿ ಮಿರಗದ ಹುಳ ಅಂತ ಇರ್ತದ್ರಿ, ಕೆಂಪಂದು. ಅದಕ್ಕ ವಿಭೂತಿ ಹಚ್ಚತಾರ್ರಿ."

ಅಧಿಕಾರಿ ಇಬ್ಬರನ್ನೂ ಒಮ್ಮೆ ದಿಟ್ಟಿಸಿದರು. ಲಕೋಟೆ ತರಿಸಿದರು. ಅರಗು ಕಾಯಿಸಲು ಹೇಳಿದರು. ಅಷ್ಟರಲ್ಲಿ ಹೊರಗೆ ಗಂಟೆ ಹೊಡೆಯಿತು. ಪ್ರಶ್ನೆಪತ್ರಿಕೆ ಹಂಚುವ ಗಂಟೆ. ಇಡೀ ಕಾಲೇಜು ಒಮ್ಮೆಲೇ ಸ್ತಬ್ಧವಾಯಿತು. ನನಗೆ ಅಳು ಬರಲಿಲ್ಲ. ಪರೀಕ್ಷೆ ಹೋದರೆ ಹೋಯಿತು, ಮತ್ತೊಂದು ಬರೆಯಬಹುದು. ಆದರೆ ಈ ಹುಳ ಲಕೋಟೆಯೊಳಗೆ ಹೋಗಿ ಅರಗು ಬಿದ್ದರೆ ತಿಂಗಳುಗಟ್ಟಲೆ ಹೊರಬರುವುದಿಲ್ಲ. ಸಂಜೆಯ ಹೊತ್ತಿಗೆ ನನ್ನ ಮುಖ ಎಲ್ಲರ ಮೊಬೈಲಿನಲ್ಲಿ ಇರುತ್ತದೆ. ಇನ್ನು ಯಾವ ಪರೀಕ್ಷೆಗೂ ನನ್ನನ್ನು ಕೂರಿಸುವುದಿಲ್ಲ. ಅಪ್ಪ ಅಂಗಡಿ ತೆರೆದು ಯಾರಿಗೆ ಮುಖ ತೋರಿಸಬೇಕು?

"ಸರ, ಲಕೋಟಿಗಿ ಹಾಕೋಕಿಂತ ಮೊದಲ ಒಮ್ಮೆ ಬೆಳಕಿಗಿ ಹಿಡಿರಿ. ಇದು ಮಾತಾಡಂಗಿಲ್ರಿ, ನಡೀತದ. ಅಷ್ಟೇ ಬರ್ತದ ಇದಕ್ಕ."

ಕಿಟಕಿಯ ಹೊರಗೆ ಮಳೆ ಹನಿಯುತ್ತಿತ್ತು. ಅಧಿಕಾರಿ ಮೊಬೈಲಿನ ಟಾರ್ಚು ಹಿಡಿದರು. ಏನೂ ಆಗಲಿಲ್ಲ. ಆ ಬೆಳಕು ಸಾಲುವುದಿಲ್ಲವೆಂದು ನನಗೆ ಗೊತ್ತಿತ್ತು. ಟ್ಯೂಬ್‌ಲೈಟಿನ ಕೆಳಗೆ ಹಿಡಿದರು. ಅದೂ ಅಷ್ಟೇ. ಹಳೆಯ ಕಾಲದ ಗುಂಡು ಬಲ್ಬು ಇದೆಯೇ ಎಂದು ಕೇಳಿದೆ. ಇಡೀ ಕಾಲೇಜಿನಲ್ಲಿ ಒಂದೂ ಇಲ್ಲ ಎಂದರು.

"ನೋಡಿದ್ಯಾ? ಬೆಂಕಿ ಇಲ್ಲದೆ ಹೊಗೆ ಆಡಲ್ಲಮ್ಮ," ಎಂದು ಅಧಿಕಾರಿ ಲಕೋಟೆಯ ಬಾಯಿ ತೆರೆದರು.

ಅಲ್ಲಿಯವರೆಗೆ ಅದುಮಿಟ್ಟಿದ್ದ ಸಿಟ್ಟು ಬಾಯಿಗೆ ಬಂತು. "ಬಿಸಲಿನ ಹುಳ ಬಿಸಲಿಲ್ದ ನಡಿ ಅಂದ್ರ ಹ್ಯಾಂಗ ನಡೀಬೇಕ್ರಿ? ಊಟ ಇಲ್ದ ನೀವು ಡ್ಯೂಟಿ ಮಾಡ್ತೀರೇನ್ರಿ?"

ಪೊಲೀಸಮ್ಮ ನನ್ನ ತೋಳು ಜೋರಾಗಿ ಚಿವುಟಿದರು. ತಲೆ ತಗ್ಗಿಸಿ ನಿಂತೆ. ಆಗ ಕಿಟಕಿಯಿಂದ ಕಂಡಿತು, ಪೋರ್ಟಿಕೋದ ಕೆಳಗೆ ನಿಂತ ಪೊಲೀಸ್ ಜೀಪು. ಹಳೆಯದು. ಮುಂದಿನ ದೀಪಗಳು ಗುಂಡಗೆ, ದೊಡ್ಡದಾಗಿ, ಹಳದಿ ಬೆಳಕಿನವು.

"ಸರ, ಆ ಜೀಪಿನ ಲೈಟು. ಅದರ ಮುಂದ ಇಟ್ಟು ನೋಡ್ರಿ."

ಅಧಿಕಾರಿ ಗಡಿಯಾರ ನೋಡಿದರು. ಪ್ರಾಂಶುಪಾಲರನ್ನು ನೋಡಿದರು. "ಒಂದೇ ಸಲ. ನಡೀಲಿಲ್ಲ ಅಂದ್ರೆ ಅದೇ ಜೀಪಲ್ಲಿ ಸ್ಟೇಷನ್ನಿಗೆ. ಆಯ್ತಾ?"

ಆಯಿತು ಎಂದೆ. ಬೇರೆ ಏನು ಹೇಳಲಿ.

ಪೊಲೀಸಮ್ಮ ಒಂದು ರಟ್ಟಿನ ಮೇಲೆ ಹುಳ ಇಟ್ಟು ಪೋರ್ಟಿಕೋದ ಮೆಟ್ಟಿಲ ಮೇಲೆ, ಜೀಪಿನ ಮೂತಿಗೆ ಎದುರಾಗಿ ಹಿಡಿದರು. ಡ್ರೈವರ್ ದೀಪ ಹಚ್ಚಿದ. ನಾನು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ, ಮುಟ್ಟಬಾರದೆಂದು ಹೇಳಿದ್ದರು. ಗೇಟಿನ ಆಚೆ ಮಕ್ಕಳನ್ನು ಬಿಟ್ಟು ಕಾಯುತ್ತಿದ್ದ ಮಂದಿ ಸರಳುಗಳ ನಡುವೆ ಮೊಬೈಲು ತೂರಿಸಿ ಹಿಡಿದಿದ್ದರು.

ಹುಳ ಅಲುಗಲಿಲ್ಲ.

ಇನ್ನೂ ತುಂಬಿರಲಿಕ್ಕಿಲ್ಲ ಎಂದುಕೊಂಡೆ. ಕಾದೆ. ಬೆಸುಗೆ ಕಿತ್ತುಹೋಗಿದ್ದರೆ? ಪೆನ್ನಿನಿಂದ ತಿವಿದಾಗ ತಂತಿ ತುಂಡಾಗಿದ್ದರೆ? ಅಧಿಕಾರಿ ಒಮ್ಮೆ ಕೆಮ್ಮಿದರು. ಡ್ರೈವರ್ ನನ್ನ ಕಡೆ ನೋಡಿ ಜೀಪಿನ ಹಿಂದಿನ ಸೀಟು ನೋಡಿದ. ನಾನು ಬಗ್ಗಿ, ಇನ್ನೂ ಬಗ್ಗಿ ನೋಡಿದೆ. ಬಿಲ್ಲೆಯ ನೀಲಿ ಬಣ್ಣವೇ ಕಾಣುತ್ತಿರಲಿಲ್ಲ. ಆಯಿ ಗಂಟು ಕಟ್ಟುವ ಮುಂಚೆ ಅದರ ಬೆನ್ನ ತುಂಬ ದಪ್ಪಗೆ ವಿಭೂತಿ ಬಳಿದಿದ್ದಳು.

"ಮೇಡಂ, ಮ್ಯಾಲಿನ ಬಿಲ್ಲಿ ಒರಸ್ರಿ. ಬೂದಿ ಕುಂತದ್ರಿ, ಬೆಳಕು ಒಳಗ ಹೋಗವಲ್ದು."

"ಯಾರೂ ಮುಟ್ಟಬೇಡಿ, ಅದು ಸಾಕ್ಷ್ಯ," ಎಂದರು ಅಧಿಕಾರಿ.

ಪೊಲೀಸಮ್ಮ ಊದಿದರು. ತೇವಕ್ಕೆ ಅಂಟಿದ ಬೂದಿ ಹೋಗಲಿಲ್ಲ. ಅವರು ಹೆಬ್ಬೆರಳಿನಿಂದ ಬಿಲ್ಲೆಯ ಮೇಲಿನ ವಿಭೂತಿಯನ್ನು ಎರಡು ಸಲ ನಿಧಾನವಾಗಿ ತೆಗೆದುಕೊಂಡು ತಮ್ಮ ಹಣೆಗೆ ಹಚ್ಚಿಕೊಂಡರು.

"ಹುಳ ಮುಟ್ಟಿಲ್ರಿ ಸರ. ವಿಭೂತಿ ಅಷ್ಟೇ ತಗೊಂಡೀನಿ."

ಅಧಿಕಾರಿ ಬಾಯಿ ತೆರೆದರು. ಅಷ್ಟರಲ್ಲಿ ಮಖಮಲ್ಲಿನ ಸಂದಿಯಲ್ಲಿ ಕೆಂಪು ಮಿಣುಕು ಹತ್ತಿ ಆರಿತು. ಹುಳ ಗುರ್ ಎಂದು ಒಂದು ಹೆಜ್ಜೆ ಜಿಗಿಯಿತು.

ಅದು ಸುಮ್ಮನೆ ಕೂತಿತು. ಒಂದು ಸಲ ಜಿಗಿದದ್ದು ಸಾಲದು, ಕೈ ಅಲುಗಿತು ಅಂತಾರೆ, ಗಾಳಿ ಅಂತಾರೆ. ಮತ್ತೆ ಮಿಣುಕಿತು, ಮತ್ತೆ ಜಿಗಿಯಿತು. ಮತ್ತೆ. ಜೀಪಿನ ದೀಪದ ಕಡೆಗೇ ಹೋಗಿ ರಟ್ಟಿನ ಅಂಚಿಗೆ ಬಂದು ನಿಂತಿತು. ಅಧಿಕಾರಿ ಮೊಣಕಾಲ ಮೇಲೆ ಕೈಯಿಟ್ಟು ಬಗ್ಗಿ ನೋಡಿದರು. ದೀಪ ಆರಿಸಲು ಹೇಳಿದರು, ಹುಳ ನಿಂತಿತು. ಹಚ್ಚಲು ಹೇಳಿದರು, ನಡೆಯಿತು. ತಮ್ಮ ಫೋನು ತೆಗೆದು ಸುತ್ತಮುತ್ತ ಬ್ಲೂಟೂತ್ ಏನಾದರೂ ಇದೆಯೇ ಎಂದು ಹುಡುಕಿದರು. ಡ್ರೈವರನ ಹೆಸರೊಂದೇ ಬಂತು. ಅವನು ಗಡಬಡಿಸಿ ತನ್ನ ಫೋನು ಬಂದ್ ಮಾಡಿದ.

"ಹೋಗಮ್ಮ. ಹೋಗಿ ಬರಿ," ಎಂದರು ಅಧಿಕಾರಿ. ನಾನು ಓಡತೊಡಗಿದಾಗ ಹಿಂದಿನಿಂದ, "ಟೈಮ್ ಜಾಸ್ತಿ ಕೊಡೋಕಾಗಲ್ಲ," ಎಂದು ಕೂಗಿ ಹೇಳಿದರು. ದನಿಯಲ್ಲಿ ಮೊದಲಿನ ಗಡಸು ಇರಲಿಲ್ಲ.

ಏನು ಬರೆದೆನೋ ಶಿವನೇ ಬಲ್ಲ. ದುಪಟ್ಟಾದ ತುದಿಗೆ ಅಂಟಿದ್ದ ಬೂದಿ ಉತ್ತರಪತ್ರಿಕೆಯ ಮೇಲೆಲ್ಲ ಮೆತ್ತಿತು. ಎಲ್ಲ ಮುಗಿದು ಗೇಟಿಗೆ ಬಂದಾಗ ಪೊಲೀಸಮ್ಮ ಹುಳವನ್ನು ಕರವಸ್ತ್ರದಲ್ಲಿ ಸುತ್ತಿ ಕೊಟ್ಟರು.

"ನಮ್ಮ ಡ್ರೈವರ ಮಧ್ಯಾನತನ ಲೈಟ್ ಹಚ್ಚಿ ಹಚ್ಚಿ ಇದಕ್ಕ ನಡಸ್ಯಾನವಾ. ಬ್ಯಾಟರಿ ಇಳದು ಈಗ ಜೀಪೇ ಚಾಲು ಆಗವಲ್ದು."

ನಗು ಬರಬೇಕಿತ್ತು, ಬರಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಹೆದರಿಕೆಯೆಲ್ಲ ಸಿಟ್ಟಾಗಿ ತಿರುಗಿತು. ಶಹಾಪುರ ಬರುವವರೆಗೆ ಆಯಿಗೆ ಬೈಯಬೇಕಾದ ಮಾತುಗಳನ್ನು ಒಂದೊಂದಾಗಿ ಹೊಂದಿಸಿಕೊಂಡೆ. ಶಹಾಪುರ ದಾಟಿದ ಮೇಲೆ ಅವನ್ನೇ ಇನ್ನಷ್ಟು ಮೊನಚು ಮಾಡಿದೆ. ನಿನಗ ಬುದ್ಧಿ ಅದ ಏನು, ನನ್ನ ಬಾಳೇ ಗಂಟು ಕಟ್ಟಿ ಕಳಿಸಿದ್ದಿ, ಇನ್ನ ಮುಂದ ನನ್ನ ಸಾಮಾನು ಮುಟ್ಟಿದ್ರ ನೋಡು. ಆ ಪರೀಕ್ಷೆಯ ಪಟ್ಟಿಯಲ್ಲಿ ಮುಂದೆ ನನ್ನ ಹೆಸರು ಬರಲೂ ಇಲ್ಲ. ಈಗಿನ ಶಿಕ್ಷಕಿ ಕೆಲಸ ಮರುವರ್ಷ ಬೇರೆ ಪರೀಕ್ಷೆ ಬರೆದು ಸಿಕ್ಕದ್ದು. ಅಪ್ಪ ಮಾತ್ರ ನನ್ನ ಡಬ್ಬಿ ಗುಜರಿಗೆ ಹಾಕಲಿಲ್ಲ, ಯಾಕೆಂದು ನಾನೂ ಕೇಳಲಿಲ್ಲ.

ರಂಗಂಪೇಟೆಯಲ್ಲಿ ಬಸ್ಸು ಇಳಿದಾಗ ಮಳೆ ಸುರಿಯುತ್ತಲೇ ಇತ್ತು. ಅಂಗಡಿಯಲ್ಲಿದ್ದ ಅಪ್ಪ ಪರೀಕ್ಷೆ ಹೇಗಾಯಿತೆಂದು ಕೇಳಲಿಲ್ಲ.

"ಮೊದಲ ಹಿತ್ತಲಕ್ಕ ಹೋಗಿ ಆಯಿನ್ನ ಒಳಗ ಕರಕೊಂಡು ಬಾ. ಮುಂಜಾನಿಂದ ಅಲ್ಲೇ ಕುಂತಾಳ. ಊಟಾನೂ ಮಾಡಿಲ್ಲ. ನನ್ನ ಮಾತು ಕೇಳವಲ್ಲಳು."

ಹಿತ್ತಲ ಕಟ್ಟೆಯ ಮೇಲೆ, ದಿನವೂ ಹುಳ ಬಿಡುವ ಜಾಗದ ಪಕ್ಕದಲ್ಲಿ, ಆಯಿ ತಲೆಯ ಮೇಲೆ ಗೋಣಿಚೀಲ ಹೊದ್ದು ಕೂತಿದ್ದಳು. ಸೀರೆ ಮೊಣಕಾಲವರೆಗೆ ತೊಯ್ದಿತ್ತು. ತುಟಿ ನಡುಗುತ್ತಿತ್ತು, ಆದರೂ ಬೈಯುತ್ತಿದ್ದಳು. ಆಕಾಶಕ್ಕೆ ಬೈಯುತ್ತಿದ್ದಳು.

"ಆಯಿ," ಎಂದೆ.

"ಬಂದಿ? ನೋಡು, ಹುಳ ಕಟ್ಟಿ ಕಳಸಿದ್ದೆ ನಿನಗ ಕಾಯ್ಲಿ ಅಂತ. ನೀ ಹೋದ ಮ್ಯಾಲ ಮೋಡ ನೋಡಿದೆ. ಆವಾಗ ಖಬರ್ ಆತು, ಅದಕ್ಕ ಬಿಸಲು ಬೇಕಲಾ ಅಂತ. ಹಸದ ಹುಳ ಏನ್ ಕಾಯ್ತದ ನಿನ್ನ? ಒಂದ ಗಳಿಗಿ ಬಂದು ಹೋಗೋ, ನನ್ನ ಮಗಳು ಅಲ್ಲಿ ಒಬ್ಬಾಕಿನೇ ಅದಾಳ ಅಂತ ಎಷ್ಟ್ ಕರದೆ. ಬರಲಿಲ್ಲ ಆ ಸೂರ್ಯಪ್ಪ. ಹಾಳಾಗಿ ಹೋಗ್ಲಿ ಅಂದೆ. ಏನೇನೋ ಅಂದೆ."

ಹೊಂದಿಸಿಕೊಂಡು ಬಂದ ಮಾತುಗಳನ್ನು ಅಲ್ಲಿಗೇ ಬಿಟ್ಟೆ. ಆಕೆ ಕೈ ಚಾಚಿದಳು. ಕರವಸ್ತ್ರ ಬಿಚ್ಚಿ ಹುಳ ಕೊಟ್ಟೆ. ಕಣ್ಣ ಹತ್ತಿರ ಹಿಡಿದು ತಿರುಗಿಸಿ ನೋಡಿದಳು. ಮುದುಕಿಯ ಕಣ್ಣು ಮಂಜಾಗಿದ್ದರೂ ನೋಡಬೇಕಾದ್ದನ್ನು ನೋಡುತ್ತಿತ್ತು.

"ಬೆನ್ನಿನ ಮ್ಯಾಲಿನ ವಿಭೂತಿ ಎಲ್ಲಿ? ಯಾರು ಒರಸ್ಯಾರ?"

ಅಲ್ಲೇ ಎಲ್ಲ ಹೇಳಬಹುದಿತ್ತು. ಜೀಪು, ಲಕೋಟೆ, ಅರಗು. ಆಕೆಯ ತೊಯ್ದ ಸೀರೆ ನೋಡಿದೆ.

"ಅಲ್ಲಿ ಬಿಸಲು ಬಿತ್ತು ಆಯಿ. ಹುಳ ಜಿಗಿದಾಡ್ತು. ಆವಾಗ ಉದರಿರಬೇಕು."

"ಯಾದಗಿರ್‌ದಾಗ ಬಿಸಲು ಬಿತ್ತೇನು?"

"ಬಿತ್ತು."

"ಖರೇನ?"

"ಖರೇ ಆಯಿ. ನಾ ಒಳಗ ಹೋಗೂ ಮುಂದ, ಬರಾಬರಿ ಹೊತ್ತಿಗಿ."

ಆಕೆ ನನ್ನ ಮುಖ ನೋಡಿದಳು. ನಂತರ ನನ್ನ ಹೆಗಲು ಹಿಡಿದು ಕಷ್ಟಪಟ್ಟು ಎದ್ದಳು. ತಲೆಯ ಮೇಲಿನ ಗೋಣಿಚೀಲ ತೆಗೆದು ಪಕ್ಕಕ್ಕಿಟ್ಟಳು. ಸೂರ್ಯನಿದ್ದ ಗುರುತೂ ಇಲ್ಲದ ಪಡುವಣದ ಕಡೆ ತಿರುಗಿ, ಹುಳ ಹಿಡಿದ ಕೈಯಲ್ಲೇ ಕೈಮುಗಿದಳು.

"ತಪ್ಪಾತೋ ಯಪ್ಪಾ. ಸುಮ್ಮನ ಬೈದೆ ನಿನಗ."

ಮಳೆ ಆಕೆಯ ಬಿಳಿ ತಲೆಯ ಮೇಲೆ ಬೀಳುತ್ತಿತ್ತು. ಪಕ್ಕದಲ್ಲಿ ನಿಂತು ನಾನೂ ಕೈಮುಗಿದೆ. ಯಾರಿಗೆ ಮುಗಿದೆ ಎಂದು ಕೇಳಬೇಡಿ. ಆ ಸಂಜೆ ನಮ್ಮ ಹಿತ್ತಲಲ್ಲಿ ಇದ್ದದ್ದು ಆಕೆಯೊಬ್ಬಳೇ.